ಮೋಡೆಮ್ ಜೋಡಿಸಲು ಯಾವುದು ಲೇಸು: ರಬ್ಬರ್ ಕಪ್ಪು, ಹೊರಗಿನ ಪೆಟ್ಟಿಗೆ, ಒಳಗಿನ ಕಾರ್ಡು?

ಫೋನ್ ಲೈನಿನ ಮೂಲಕ ಕಂಪ್ಯೂಟರನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸುವ ಸಾಧನವೇ ಮೋಡೆಮ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೀರಿಯಲ್ ಪೋರ್ಟ್‌ಗೆ (ಒಂದೊಂದೇ ಬಿಟ್ ಸಾಗಿಸುವ ಕಿಂಡಿಗೆ) ಸಿಕ್ಕಿಸುವ ಹೊರಗಿನ ಪೆಟ್ಟಿಗೆಗೆ. ವೇಗದ ಕಾರಣಕ್ಕಲ್ಲ. 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಅಂತ ಡಬ್ಬಿ ಮೇಲೆ ಬರೆದಿದ್ದರೂ ನಮ್ಮ ಲೈನಿನಲ್ಲಿ ಪೆಟ್ಟಿಗೆಯೂ ಕಾರ್ಡೂ ನಲವತ್ತರ ಆಸುಪಾಸಿನಲ್ಲೇ ನಿಲ್ಲುತ್ತಿದ್ದವು. ವ್ಯತ್ಯಾಸ ಇದ್ದದ್ದು ಅವು ಕಂಪ್ಯೂಟರಿಗೆ ಅಂಟಿಕೊಳ್ಳುವ ರೀತಿಯಲ್ಲಿ. ಕೈಕೊಟ್ಟಾಗ ಏನಾಗುತ್ತದೆ ಅನ್ನುವುದರಲ್ಲಿ ಇನ್ನೂ ಜಾಸ್ತಿ.

ಎಲ್ಲಕ್ಕಿಂತ ಹಳೆಯದು ಅಕೌಸ್ಟಿಕ್ ಕಪ್ಲರ್. ಗೆಳೆಯರೊಬ್ಬರ ಅಟ್ಟದಲ್ಲಿ ಒಂದು ಸಿಕ್ಕಿತ್ತು. ಎರಡು ರಬ್ಬರ್ ಕಪ್ಪು, ಅದರೊಳಗೆ ಫೋನಿನ ರಿಸೀವರ್ ಒತ್ತಿ ಕೂರಿಸಬೇಕು. ತಂತಿಯ ಸಂಬಂಧವೇ ಇಲ್ಲ, ಒಂದು ಕಡೆ ಸ್ಪೀಕರ್ ಕೂಗುತ್ತದೆ, ಇನ್ನೊಂದು ಕಡೆ ಮೈಕ್ ಕೇಳಿಸಿಕೊಳ್ಳುತ್ತದೆ. ಇಂಥ ಸುತ್ತುದಾರಿ ಯಾಕೆ ಬೇಕಾಯಿತು ಅಂದರೆ, ಅಮೆರಿಕದಲ್ಲಿ 1968ರ ಕಾರ್ಟರ್‌ಫೋನ್ ತೀರ್ಪಿನವರೆಗೆ ಎಟಿ ಅಂಡ್ ಟಿ ಫೋನ್ ಕಂಪನಿಯ ಲೈನಿಗೆ ಬೇರೆಯವರ ಉಪಕರಣವನ್ನು ನೇರವಾಗಿ ಜೋಡಿಸುವ ಹಾಗೇ ಇರಲಿಲ್ಲ. ಕಪ್ಪುಗಳ ಅಳತೆಯೂ ಅಲ್ಲಿನ ದುಂಡು ರಿಸೀವರಿನದು. ನಮ್ಮ ಮನೆಯ ಚಪ್ಪಟೆ ಬಟನ್ ಫೋನು ಅದರಲ್ಲಿ ಕೂರಲೇ ಇಲ್ಲ, ಹಳೇ ಕಪ್ಪು ಡಯಲ್ ಫೋನನ್ನೇ ಹುಡುಕಬೇಕಾಯಿತು.

ಕೂತ ಮೇಲೆ ಕೆಲಸ ಮಾಡಿತು. ಇನ್ನೊಂದು ತುದಿಯಲ್ಲಿ ಮಾಮೂಲಿ ಮೋಡೆಮ್ ಇಟ್ಟು ಎಟಿಬಿ1 ಅನ್ನುವ ಆಜ್ಞೆ ಕೊಟ್ಟರೆ ಅದು ಹಳೇ ಬೆಲ್ 103 ಪದ್ಧತಿಗೆ ಇಳಿದು ಮಾತಾಡುತ್ತದೆ. ಸೆಕೆಂಡಿಗೆ 300 ಬಿಟ್, ಅಂದರೆ 30 ಅಕ್ಷರ. ಸಾಲು ಬರುತ್ತಾ ಬರುತ್ತಾ ಓದಿ ಮುಗಿಸಬಹುದು. ಆದರೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಚೆಲ್ಲುತ್ತಿದ್ದವು. ಒಮ್ಮೆ ನೋಡಲು ಚೆಂದ, ಅಷ್ಟೇ. ನಂಬರನ್ನೂ ನಾವೇ ತಿರುಗಿಸಬೇಕು.

ನಂಬರ್ ತಿರುಗಿಸುವ ಈ ವಿಷಯದಲ್ಲೇ ನನ್ನ ಪ್ರಕಾರ ನಿಜವಾದ ಆವಿಷ್ಕಾರ ಆಗಿದ್ದು. ಮುಂಚೆ ಕಂಪ್ಯೂಟರ್ ತಾನಾಗಿ ಡಯಲ್ ಮಾಡಬೇಕೆಂದರೆ ಮೋಡೆಮ್ ಜೊತೆಗೆ ಬೆಲ್ 801ರಂಥ ಪ್ರತ್ಯೇಕ ಪೆಟ್ಟಿಗೆ ಬೇಕಿತ್ತು, ಅದಕ್ಕೆ ಪ್ರತ್ಯೇಕ ಕೇಬಲ್ಲು. ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್‌ಟನ್ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್ ಅನ್ನುವ ಹೊರಗಿನ ಪೆಟ್ಟಿಗೆ ಆ ರಗಳೆಯನ್ನೇ ತೆಗೆದುಹಾಕಿತು. ಮಾಹಿತಿ ಹೋಗುವ ಅದೇ ಸೀರಿಯಲ್ (ಆರ್‌ಎಸ್-232) ತಂತಿಯಲ್ಲಿ ಆಜ್ಞೆಯೂ ಹೋಗುತ್ತದೆ. ಎಟಿಡಿಟಿ ಅಂತ ಬರೆದು ನಂಬರ್ ಹೊಡೆದರೆ ಡಯಲ್ ಆಗುತ್ತದೆ. ಹಳೇ ಎಕ್ಸ್‌ಚೇಂಜ್ ಇದ್ದ ಊರಲ್ಲಿ ಕೊನೆಯ ಟಿ ಬದಲು ಪಿ ಹಾಕಿದರೆ ಕಟಕಟ ಅಂತ ಪಲ್ಸ್ ಡಯಲಿಂಗ್. ಸೀರಿಯಲ್ ಪೋರ್ಟ್ ಇರುವ ಯಾವ ಕಂಪ್ಯೂಟರ್ ಆದರೂ ಸರಿ, ಡ್ರೈವರ್ ಬೇಡ.

ಆದರೆ ಒಂದೇ ತಂತಿ ಅಂದಮೇಲೆ ಒಂದು ತೊಡಕು ಇದ್ದೇ ಇದೆ. ಕರೆ ನಡೆಯುತ್ತಿರುವಾಗ ಬಂದದ್ದು ಆಜ್ಞೆಯೋ ಮಾಹಿತಿಯೋ, ಮೋಡೆಮ್‌ಗೆ ಹೇಗೆ ಗೊತ್ತಾಗಬೇಕು? ಹೇಯ್ಸ್ ಕೊಟ್ಟ ಉತ್ತರ: ಒಂದು ಸೆಕೆಂಡ್ ಸುಮ್ನಿರು, ಮೂರು ಪ್ಲಸ್ ಚಿಹ್ನೆ ಕಳಿಸು, ಮತ್ತೆ ಒಂದು ಸೆಕೆಂಡ್ ಸುಮ್ನಿರು. ಆಗ ಮಾತ್ರ ಅದು ಆಜ್ಞೆಗೆ ಕಿವಿಗೊಡುತ್ತದೆ. ಆ ಮೌನಕ್ಕೆ 1985ರಲ್ಲಿ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಹಣ ಕೊಡಲು ಒಪ್ಪದ ಕಂಪನಿಗಳು ಮೌನ ಕೈಬಿಟ್ಟು, +++ ಹಿಂದೆಯೇ ಎಟಿ ಆಜ್ಞೆ ಬಂದರೆ ಸಾಕು ಅಂತ ಮಾಡಿಕೊಂಡವು.

ಇದರ ಫಲ 1990ರ ದಶಕದ ಕೊನೆಯಲ್ಲಿ ನಮ್ಮಂಥವರ ತಲೆ ಮೇಲೆ ಬಿತ್ತು. ಯಾರೋ ಕಿಡಿಗೇಡಿ +++ಎಟಿಎಚ್0 ಅನ್ನುವ ಅಕ್ಷರ ತುಂಬಿದ ಪಿಂಗ್ (‘ಇದ್ದೀಯಾ?’ ಅಂತ ಕೇಳುವ ಪುಟ್ಟ ಸಂದೇಶ) ಕಳಿಸುತ್ತಾನೆ. ನಿಮ್ಮ ಕಂಪ್ಯೂಟರ್ ಮರ್ಯಾದೆಯಿಂದ ಅದನ್ನೇ ವಾಪಸ್ ಕಳಿಸುತ್ತದೆ. ಹೊರಗೆ ಹೋಗುವ ದಾರಿಯಲ್ಲಿ ನಿಮ್ಮದೇ ಮೋಡೆಮ್ ಅದನ್ನು ಓದಿ ‘ಓಹೋ, ಫೋನ್ ಇಡು ಅಂತಿದ್ದಾರೆ’ ಅಂದುಕೊಂಡು ಲೈನ್ ಕಟ್ ಮಾಡುತ್ತದೆ! ಗೆಳೆಯನಿಗೆ ಹೇಳಿ ನಾನೇ ಹಾಕಿಸಿ ನೋಡಿದೆ. ಅಗ್ಗದ ಒಳ ಕಾರ್ಡ್ ತಕ್ಷಣ ಬಿದ್ದುಹೋಯಿತು. ಹೊರಗಿನ ಪೆಟ್ಟಿಗೆ ಅಲ್ಲಾಡಲಿಲ್ಲ. ಕಾರ್ಡಿಗೆ ಎಟಿಎಸ್2=255 ಅಂತ ಕೊಟ್ಟು +++ ಗುರುತಿಸುವುದನ್ನೇ ನಿಲ್ಲಿಸಿದ ಮೇಲೆ ಅದೂ ಸರಿಹೋಯಿತು.

ಒಳ ಕಾರ್ಡಿನ ಪರವಾಗಿ ಹೇಳಲು ಏನೂ ಇಲ್ಲ ಅಂತಲ್ಲ. ಬೆಲೆ ಕಡಿಮೆ, ಮೇಜಿನ ಮೇಲೆ ಅಡಾಪ್ಟರ್ ಗೊಂಚಲು ಇಲ್ಲ. ಹಳೇ ಪಿಸಿಗಳ ಸೀರಿಯಲ್ ಚಿಪ್‌ಗೆ ಒಂದೇ ಬೈಟ್ ಹಿಡಿದಿಡುವ ಜಾಗ ಇತ್ತು, ವಿಂಡೋಸ್ ಸ್ವಲ್ಪ ತಡ ಮಾಡಿದರೂ ಅಕ್ಷರ ಸೋರಿಹೋಗುತ್ತಿತ್ತು. ಒಳ್ಳೇ ಐಎಸ್‌ಎ (ಹಳೇ ಬಗೆಯ ಸ್ಲಾಟಿನ) ಕಾರ್ಡು 16 ಬೈಟ್ ಹಿಡಿಯುವ 16550 ಚಿಪ್ಪನ್ನು ತಾನೇ ಹೊತ್ತು ತರುತ್ತಿತ್ತು. ಅಂಥ ಯಂತ್ರಕ್ಕೆ ಕಾರ್ಡೇ ಮೇಲು.

ಆದರೆ ಜಂಪರ್ (ಕಾರ್ಡಿನ ಮೇಲೆ ಕೈಯಲ್ಲಿ ಸಿಕ್ಕಿಸುವ ಪುಟ್ಟ ಸ್ವಿಚ್) ಕಾಟ! ಸೀರಿಯಲ್ ಪೋರ್ಟ್‌ಗಳಾದ ಕಾಮ್1 ಮತ್ತು ಕಾಮ್3 ಎರಡಕ್ಕೂ ಒಂದೇ ಇಂಟರಪ್ಟ್ (ಪ್ರೊಸೆಸರನ್ನು ಕರೆಯುವ ಗಂಟೆ), ನಂಬರ್ 4. ಮೌಸ್ ಕಾಮ್1ರಲ್ಲಿ, ಮೋಡೆಮ್ ಕಾಮ್3ರಲ್ಲಿ ಇದ್ದರೆ ಡಯಲ್ ಒತ್ತಿದ ಕ್ಷಣ ಬಾಣ ಪರದೆ ಮಧ್ಯೆ ಗರಬಡಿದು ನಿಲ್ಲುತ್ತದೆ. ಕಾರ್ಡ್ ಹ್ಯಾಂಗ್ ಆದರೆ ಇಡೀ ಕಂಪ್ಯೂಟರನ್ನೇ ಮತ್ತೆ ಚಾಲೂ ಮಾಡಬೇಕು. ಪೆಟ್ಟಿಗೆಯಾದರೆ ಅದರ ಸ್ವಿಚ್ ಒಂದೇ ಸಾಕು. ಮುಂದಿನ ಕೆಂಪು ದೀಪಗಳಲ್ಲಿ ಸಿಡಿ (ಸಂಪರ್ಕ ಇದೆ ಅನ್ನುವ ದೀಪ) ಉರಿಯುತ್ತಿದ್ದು ಆರ್‌ಡಿ (ಮಾಹಿತಿ ಬರುತ್ತಿದೆ ಅನ್ನುವ ದೀಪ) ಮಿಣುಕದಿದ್ದರೆ ಲೈನ್ ಇದೆ, ಆ ಕಡೆಯಿಂದ ಏನೂ ಬರುತ್ತಿಲ್ಲ ಅಂತ ಕೂತಲ್ಲೇ ಗೊತ್ತಾಗುತ್ತದೆ.

ಇನ್ನು ಸಿಡಿಲು. ಏಪ್ರಿಲ್-ಮೇ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋನ್ ತಂತಿಯಲ್ಲಿ ಬಂದ ಹೊಡೆತಕ್ಕೆ ನನ್ನ ಒಂದು ಕಾರ್ಡ್ ಸುಟ್ಟಿತು, ಜೊತೆಗೆ ಮದರ್‌ಬೋರ್ಡನ್ನೂ ಕರೆದೊಯ್ದಿತು. ಪಕ್ಕದ ಮನೆಯ ಹೊರ ಮೋಡೆಮ್ ಅದೇ ರಾತ್ರಿ ಸತ್ತಿತ್ತು, ಆದರೆ ಅವರ ಕಂಪ್ಯೂಟರ್ ಉಳಿದುಕೊಂಡಿತು. ಹೊರಗಿದ್ದರೆ ಪ್ರತಿಸಲ ಹೀಗೇ ಬಚಾವು ಅಂತಲ್ಲ, ಹೊಡೆತ ಸೀರಿಯಲ್ ಕೇಬಲ್ ದಾಟಿಯೂ ಬರಬಹುದು. ಗುಡುಗು ಕೇಳಿದರೆ ಯಾವುದೇ ಆಗಲಿ, ಪಿನ್ ಕೀಳಿ.

ಪಿಸಿಐ ಸ್ಲಾಟಿನ ಸಾಫ್ಟ್‌ಮೋಡೆಮ್ ಬಗ್ಗೆ ಹೆಚ್ಚು ಹೇಳಲ್ಲ. ಕಾರ್ಡ್ ತೆಗೆದು ನೋಡಿದರೆ ಅರ್ಧ ಖಾಲಿ, ಲೆಕ್ಕವನ್ನೆಲ್ಲ ಪ್ರೊಸೆಸರ್ ತಲೆಗೆ ಕಟ್ಟಿದ್ದಾರೆ. ವಿಂಡೋಸ್‌ನಲ್ಲಿ ಹೇಗೋ ನಡೆಯುತ್ತದೆ. ಲಿನಕ್ಸ್ ಹಾಕಿದರೆ ಬಹುತೇಕ ಸತ್ತಂತೆಯೇ. ಲೂಸೆಂಟ್ ಚಿಪ್ ಇದ್ದವರಾದರೆ ಎಲ್‌ಟಿಮೋಡೆಮ್ ಡ್ರೈವರ್ ಹಿಡಿದು ಬದುಕಿಕೊಂಡರು.

ಲ್ಯಾಪ್‌ಟಾಪಿನ ಪಕ್ಕದಲ್ಲಿ ತೂರಿಸುವ ಪಿಸಿಎಂಸಿಐಎ ಕಾರ್ಡು ಮಾತ್ರ ಜಾಣ ಕೆಲಸ. ಕಾರ್ಡಿನ ದಪ್ಪ 5 ಮಿಲಿಮೀಟರ್, ಫೋನ್ ಪಿನ್ ಅದಕ್ಕಿಂತ ಎತ್ತರ. ಮೆಗಾಹರ್ಟ್ಜ್ ಕಂಪನಿಯ ಎಕ್ಸ್‌ಜ್ಯಾಕ್ ಅದಕ್ಕೆ ಮಾಡಿದ ಉಪಾಯ ನೋಡಿ: ಒತ್ತಿದರೆ ಒಂದು ತೆಳು ಪ್ಲಾಸ್ಟಿಕ್ ನಾಲಿಗೆ ಹೊರಬರುತ್ತದೆ, ಅದರಲ್ಲೊಂದು ತೂತು, ಪಿನ್ನನ್ನು ಮೇಲಿನಿಂದ ನೆಟ್ಟಗೆ ಇಳಿಸಬೇಕು. ಬೇರೆ ಕಂಪನಿಗಳ ಬಾಲದಂಥ ಕೇಬಲ್ ಕಳೆದುಹಾಕುವ ಭಯ ಇಲ್ಲ. ಯಾರಾದರೂ ಫೋನ್ ವೈರ್ ಎಡವಿದರೆ ನಾಲಿಗೆ ಮುರಿಯುತ್ತದೆ ಅನ್ನುವುದೂ ನಿಜ. ಪ್ರಯಾಣಕ್ಕೆ ಇದೇ ಸರಿ.

ಆಮೇಲೆ ಬಂದ 3ಜಿ ಯುಎಸ್‌ಬಿ ಡಾಂಗಲ್‌ಗಳಲ್ಲಿ ಕೆಲವು ಸಿಕ್ಕಿಸಿದೊಡನೆ ಸಿಡಿ ಡ್ರೈವ್ ಅಂತ ನಾಟಕ ಮಾಡಿ, ಡ್ರೈವರ್ ಹಾಕಿಕೊಂಡ ಮೇಲೆ ಮೋಡೆಮ್ ಆಗುತ್ತವೆ. ಅವಕ್ಕೂ ಟರ್ಮಿನಲ್‌ನಲ್ಲಿ ಎಟಿ ಅಂತ ಹೊಡೆದರೆ ಓಕೆ ಅನ್ನುತ್ತವೆ. 1981ರ ಭಾಷೆಯೇ, ಡಯಲ್ ಮಾಡುವ ನಂಬರ್ ಮಾತ್ರ *99#.

ಫ್ಯಾಕ್ಸಿಗೋ ಹಳೇ ಉಪಕರಣಕ್ಕೋ ಈಗಲೂ ಮೋಡೆಮ್ ಬೇಕಿದ್ದರೆ ಹೊರಗಿನ ಸೀರಿಯಲ್ ಪೆಟ್ಟಿಗೆಯನ್ನೇ ಹುಡುಕಿ. ಹೊಸ ಕಂಪ್ಯೂಟರಿಗೆ ಯುಎಸ್‌ಬಿ-ಸೀರಿಯಲ್ ಕೇಬಲ್ ಸಾಕು. ನಮ್ಮ ಡಯಲ್ ಟೋನ್ ಅದಕ್ಕೆ ಅರ್ಥವಾಗದೆ ‘ನೋ ಡಯಲ್‌ಟೋನ್’ ಅಂದರೆ ಎಟಿಎಕ್ಸ್3 ಕೊಡಿ. ಅಡಾಪ್ಟರ್ ಸಮೇತ ಸಿಕ್ಕರೆ ಮಾತ್ರ ಕೊಳ್ಳಿ, ಯಾಕಂದರೆ ಇವುಗಳಲ್ಲಿ ಹಲವು ಡಿಸಿ ಅಲ್ಲ, ಎಸಿ ವೋಲ್ಟೇಜ್ ಕೇಳುತ್ತವೆ.