ಎನ್‌ಎಫ್‌ಎಲ್‌ಐಎಸ್ ವರದಿ: ಕೆಜಿ ಲೆಕ್ಕ ಬಿಟ್ಟು ಓದಿ

ನಾನು ದಾವಣಗೆರೆಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಒಬ್ಬ ಹುಡುಗನ ಪ್ರಾಜೆಕ್ಟಿಗೆ ಅಂತ ಎರಡು ವಾರ ಅಮೆರಿಕದ ಎನ್‌ಎಫ್‌ಎಲ್‌ಐಎಸ್ ವರದಿಗಳನ್ನು ಹಿಡಿದು ಕೂತಿದ್ದೆ. ಪೊಲೀಸರು ಹಿಡಿದ ಮಾದಕ ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಏನೇನು ಸಿಕ್ಕಿತು ಅನ್ನುವ ಎಣಿಕೆ ಇದು. ಪುಕ್ಕಟೆ ಸಿಗುತ್ತದೆ.

"ಮೇಡಂ, ಎಷ್ಟು ಕೆಜಿ ಸಿಕ್ತೋ ಎಲ್ಲಾ ಕೂಡಿಸಿಬಿಡೋಣ" ಅಂದ ನಮ್ಮ ಹುಡುಗ. ಮಂಡಕ್ಕಿ ಮೂಟೆಯನ್ನೂ ಖಾರದಪುಡಿಯನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗಾಯಿತು, ಅಲ್ವಾ? ಫೆಂಟನಿಲ್ ಅನ್ನುವ ತೀವ್ರ ನೋವುನಿವಾರಕ ಮಾದಕ ಬರೀ 2 ಮಿಲಿಗ್ರಾಂ ಇದ್ದರೂ ಜೀವ ಹೋಗಬಹುದು. ನಮ್ಮ ದೇಶದ ಮಾದಕ ವಸ್ತು ತಡೆ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಡಿಯಲ್ಲೂ 'ಸಣ್ಣ ಪ್ರಮಾಣ' ಅಂದರೆ ಗಾಂಜಾಕ್ಕೆ 1 ಕೆಜಿ, ಹೆರಾಯಿನ್‌ಗೆ ಬರೀ 5 ಗ್ರಾಂ. ಈ ವರದಿಯಲ್ಲಿ ತೂಕಕ್ಕಿಂತ ವಸ್ತುವಿನ ಹೆಸರೇ ಮುಖ್ಯ. ನನಗೆ ಹಿಡಿಸಿದ್ದೂ ಅದೇ.

ಮಾದಕ ವಸ್ತುವಿನಿಂದ ಸತ್ತವರ ಲೆಕ್ಕ ನಿಧಾನ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ತಾತ್ಕಾಲಿಕ ಅಂಕಿಗಳೇ ಸುಮಾರು ನಾಲ್ಕು ತಿಂಗಳು ಹಿಂದಿರುತ್ತವೆ. ಬೀದಿಗೆ ಹೊಸ ವಿಷ ಬಂದಿದ್ದರೆ ಲ್ಯಾಬಿನ ಎಣಿಕೆಯಲ್ಲಿ ಅದರ ಸುಳಿವು ಮೊದಲೇ ಸಿಗಬಹುದು.

ತೊಡಕೂ ಇದೆ. ದಾಳಿ ಜಾಸ್ತಿ ಆದರೆ ಸಂಖ್ಯೆಯೂ ಏರುತ್ತದೆ, ಸುಮ್ನೆ ಅಷ್ಟಕ್ಕೇ ಅಪಾಯ ಏರಿತು ಅನ್ನೋಕಾಗಲ್ಲ. ಅದಕ್ಕೇ ನಾವು ಒಟ್ಟು ಸಂಖ್ಯೆ ಬಿಟ್ಟು, ನೂರು ಮಾದರಿಗಳಲ್ಲಿ ಫೆಂಟನಿಲ್ ಎಷ್ಟು ಅಂತ ನೋಡಿದೆವು. ಆಗ ಗ್ರಾಫಿನ ಗೆರೆಗೆ ಅರ್ಥ ಬಂತು.

ಐದಕ್ಕೆ ನಾಲ್ಕು ಸ್ಟಾರ್. ಗ್ರಾಫನ್ನು ಮಾತ್ರ ಕಲರ್ ಪ್ರಿಂಟ್ ತೆಗೆಸಿ. ದುಡ್ಡು ಉಳಿಸೋಕೆ ಹೋಗಿ ನಾನು ಕಪ್ಪು-ಬಿಳುಪು ತೆಗೆಸಿದೆ, ಹೆರಾಯಿನ್ ಯಾವುದು ಫೆಂಟನಿಲ್ ಯಾವುದು ಗೊತ್ತಾಗದೆ ಸ್ಕೆಚ್ ಪೆನ್ನಿನಲ್ಲಿ ತಿದ್ದುತ್ತಾ ಕೂತೆ.