ಅರುಣಾಚಲ ಟೂರ್ ಬುಕ್ ಮಾಡುವ ಮಂಗಳೂರಿನವರೇ, ‘ಐಸ್ ವಾಕ್’ ಅಂತ ದುಡ್ಡು ಕೇಳಿದ್ರೆ ಕೊಡಬೇಡಿ

ಈ ಚಳಿಗಾಲದಲ್ಲಿ ತವಾಂಗ್ ಕಡೆ ಹೊರಟವರು ದಯವಿಟ್ಟು ಪೂರ್ತಿ ಓದಿ. ಬುಕ್ ಮಾಡಿ ಆಗಿದ್ರೂ ಓದಿ. ಬರೀಲಿಕ್ಕೆ ನಾಚಿಕೆ ಆಗ್ತದೆ, ಮನೆಯಲ್ಲಿ ಇನ್ನೂ ಎಲ್ಲರಿಗೆ ಹೇಳಿಲ್ಲ. ಆದ್ರೆ ನಮ್ಮನ್ನು ಮಂಗ ಮಾಡಿದ ಹಾಗೆ ಇನ್ನೊಬ್ಬರನ್ನು ಮಾಡುದು ಬೇಡ.

ಪೇಟೆಯ ಒಂದು ಟ್ರಾವೆಲ್ಸ್‌ನಲ್ಲಿ ಪ್ಯಾಕೇಜ್ ತಗೊಂಡದ್ದು. ಗುವಾಹಟಿಯಿಂದ ಗಾಡಿ, ಅರುಣಾಚಲದ ಒಳಗೆ ಹೋಗ್ಲಿಕ್ಕೆ ಬೇಕಾದ ಇನ್ನರ್ ಲೈನ್ ಪರ್ಮಿಟ್, ದಾರಿಯ ದಿರಾಂಗ್‌ನಲ್ಲಿ ರೂಮ್, ಅದೆಲ್ಲ ಸರಿಯೇ ಇತ್ತು, ಸುಳ್ಳು ಹೇಳುದಿಲ್ಲ. ಅದರ ಮೇಲೆ ತಲೆಗೆ ಇಷ್ಟು ಅಂತ ಬೇರೆ ದುಡ್ಡು ತಗೊಂಡು ಇನ್ನೊಂದು ಐಟಂ ಇತ್ತು: ‘ಸೇಲಾ ಫ್ರೋಜನ್ ಲೇಕ್ ವಾಕ್, ಲೋಕಲ್ ಐಸ್ ಗೈಡ್ ಸಹಿತ’. ಸೇಲಾ ಅಂದ್ರೆ ತವಾಂಗ್ ದಾರಿಯ ಎತ್ತರದ ಘಾಟಿ (ಪಾಸ್), ಚಳಿಗೆ ಹೆಪ್ಪುಗಟ್ಟುವ ಕೆರೆ ಇರುದು ಅಲ್ಲಿ. ಆ ಗೈಡ್ ಅನ್ನುವ ಮಾತಿಗೇ ನಾವು ಒಪ್ಪಿದ್ದು. ನಮಗೆ ಕರಾವಳಿಯವರಿಗೆ ಐಸ್ ಗೊತ್ತಿರುದು ಮೀನಿನ ಬಾಕ್ಸಲ್ಲಿ ಮಾತ್ರ. ಗೊತ್ತಿದ್ದವ ಒಬ್ಬ ಜೊತೆಗಿರ್ತಾನೆ ಅಂತ ಧೈರ್ಯ.

2024ರ ಮಾರ್ಚಲ್ಲಿ ಸೇಲಾ ಸುರಂಗ ಓಪನ್ ಆದ ಮೇಲೆ ಗಾಡಿಗಳು ಸೀದಾ ಅದರೊಳಗೇ ಹೋಗ್ತವೆ. ಡ್ರೈವರಿಗೂ ಹಾಗೇ ಹೋಗ್ಲಿಕ್ಕೆ ಮನಸ್ಸು. ದುಡ್ಡು ಕೊಟ್ಟಾಗಿದೆ ಅಂತ ನಾವೇ ಹೇಳಿ ಮೇಲಿನ ದಾರಿ ಹಿಡಿಸಿದ್ದು. 13,700 ಅಡಿ. ಉಸಿರು ತೆಗೀಲಿಕ್ಕೇ ಕಷ್ಟ. ಕೆರೆ ಪೂರ್ತಿ ಬಿಳಿ, ಮೇಲೆ ಸ್ನೋ ಕೂತು ನೆಲ ಯಾವುದು ನೀರು ಯಾವುದು ಗೊತ್ತಾಗುದಿಲ್ಲ.

ಗೈಡ್ ಎಲ್ಲಿ ಅಂತ ಕೇಳಿದ್ರೆ ಡ್ರೈವರ್ ನಮ್ಮನ್ನೇ ನೋಡ್ತಾನೆ. ‘ಯಾವ ಗೈಡ್?’

ಅಲ್ಲಿಂದಲೇ ಟ್ರಾವೆಲ್ಸ್‌ನವನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ, ಅಲ್ಲ ಪಾಪಕ್ಕೆ, ನೆಟ್‌ವರ್ಕ್ ಸಿಕ್ಕಿತು. ‘ಸರ್, ಡ್ರೈವರೇ ಗೈಡ್. ಈಗ ಅಲ್ಲಿ ಒಂದಡಿ ದಪ್ಪ ಐಸ್ ಉಂಟು, ಲಾರಿ ಹೋದ್ರೂ ಎಂತ ಆಗುದಿಲ್ಲ. ಎಲ್ಲರೂ ನಡೀತಾರೆ, ನೀವು ಆರಾಮಲ್ಲಿ ಹೋಗಿ.’ ಮಂಗಳೂರಲ್ಲಿ ಫ್ಯಾನಿನಡಿ ಕೂತವ ಸೇಲಾದ ಐಸ್ ಎಷ್ಟು ದಪ್ಪ ಅಂತ ಹೇಳ್ತಾನೆ ಮಾರಾಯ್ರೆ! ಒಂದಡಿ ಅಂತೆ. ಯಾರು ಅಳೆದದ್ದು? ಯಾವಾಗ? ಈಗಲೂ ಆ ‘ಒಂದಡಿ’ ನೆನಪಾದ್ರೆ ನನಗೆ ಮಂಡೆ ಬಿಸಿ ಆಗ್ತದೆ.

ಭಾವ ಮುಂದೆ ಹೋದರು, ಫೋಟೋಕ್ಕೆ. ಅವರು ಫಲ್ಗುಣಿ ಹೊಳೆಯಲ್ಲಿ ಈಜಿ ಬೆಳೆದವರು, ನೀರಿಗೆ ಹೆದರುವ ಜನ ಅಲ್ಲ. ದಡದಿಂದ ಸ್ವಲ್ಪವೇ ದೂರ, ‘ಟಕ್’ ಅಂತ ಒಂದು ಶಬ್ದ, ಎದೆಮಟ್ಟ ಒಳಗೆ. ಬೊಬ್ಬೆ ಹಾಕ್ಲಿಕ್ಕೂ ಆಗ್ಲಿಲ್ಲ ಅವರಿಗೆ. ಬಾಯಿ ತೆರೆದು ಉಸಿರು ಎಳೀತಾ ಇದ್ದಾರೆ, ಅಷ್ಟೇ. ಅಷ್ಟು ತಣ್ಣನೆ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ನಮ್ಮ ಹಿಡಿತದಲ್ಲಿ ಇರುದಿಲ್ಲ, ಆಗ ತಲೆ ಮುಳುಗಿದ್ರೆ ನೀರು ಶ್ವಾಸಕೋಶಕ್ಕೆ. ಆಮೇಲೆ ಕೈಕಾಲು ಕೆಲಸ ಮಾಡುದು ಹೆಚ್ಚಂದ್ರೆ ಹತ್ತು ನಿಮಿಷ. ಅಲ್ಲಿ ಈಜು ಬರ್ತದೆ ಅಂತ ಹೇಳಿ ಪ್ರಯೋಜನ ಇಲ್ಲ. ಐಸಿನ ಅಂಚು ಹಿಡಿದ್ರೆ ಅದೂ ಮುರಿದು ಕೈಗೇ ಬರ್ತದೆ.

ನಾನು ಓಡಿ ಹೋಗ್ಲಿಕ್ಕೆ ಹೊರಟದ್ದು, ರಸ್ತೆ ಬದಿಯ ಚಾ ಅಂಗಡಿಯ ಅಜ್ಜ ನನ್ನ ಜಾಕೆಟ್ ಹಿಡಿದು ಹಿಂದೆ ಎಳೆದರು. ಹಿಂದಿಯಲ್ಲಿ ಒಂದೇ ಮಾತು, ‘ಮಲಗು, ಮಲಗು!’ ಅವರೇ ಐಸಿನ ಮೇಲೆ ಬೋರಲು ಮಲಗಿ ಉದ್ದದ ಬಿದಿರು ಚಾಚಿದರು. ಭಾವನಿಗೆ ಕಾಲು ಹಿಂದಕ್ಕೆ ಬಡೀಲಿಕ್ಕೆ ಹೇಳಿ, ನಡೆದು ಬಂದ ದಿಕ್ಕಿಗೇ ಎಳೆದರು. ಬಂದ ದಾರಿ ಅಷ್ಟು ಹೊತ್ತು ಭಾರ ತಡೆದದ್ದು ಅಲ್ವಾ, ಅದಕ್ಕೆ. ಹೊರಗೆ ಬಂದ ಮೇಲೂ ಎದ್ದು ನಿಲ್ಲಲಿಕ್ಕೆ ಬಿಡ್ಲಿಲ್ಲ, ಉರುಳಿಸಿಕೊಂಡೇ ದಡಕ್ಕೆ. ಅಂಗಡಿಗೆ ತಲುಪುವಷ್ಟರಲ್ಲಿ ಭಾವನ ಜೀನ್ಸ್ ಹಲಗೆ ಆಗಿತ್ತು, ಮಡಚಲಿಕ್ಕೆ ಆಗದೆ ಕತ್ತರಿಯಲ್ಲಿ ಕತ್ತರಿಸಿ ತೆಗೆದದ್ದು.

ಡ್ರೈವರ್ ಅಳುದೊಂದು ಬಾಕಿ. ‘ನಾನು ತೇಜ್‌ಪುರದವ ಸಾರ್, ನನಗೆ ಐಸ್ ಎಂತ ಗೊತ್ತು? ಗಾಡಿ ನಿಲ್ಲಿಸು ಅಂತ ಮಾತ್ರ ಹೇಳಿದ್ದು.’ ಅಜ್ಜ ಹೇಳಿದ್ದು ಕೇಳಿ: ಕೆರೆಗೆ ನೀರು ಬಂದು ಸೇರುವ ಜಾಗದಲ್ಲಿ, ಕಲ್ಲಿನ ಹತ್ತಿರ ಯಾವತ್ತೂ ತೆಳು. ಮೇಲೆ ಸ್ನೋ ಇದ್ರೆ ಅದು ಕಂಬಳಿ ಹೊದೆಸಿದ ಹಾಗೆ, ಕೆಳಗಿನ ಐಸ್ ಬೇಗ ದಪ್ಪ ಆಗುದಿಲ್ಲ. ಊರಿಗೆ ಬಂದು ಓದಿ ನೋಡಿದೆ, ಅಜ್ಜ ಹೇಳಿದ್ದೇ ಸರಿ. ಒಬ್ಬ ನಡೀಬೇಕಾದ್ರೆ ಗಟ್ಟಿ ಪಾರದರ್ಶಕ ಐಸ್ ಕಡಿಮೆ ಅಂದ್ರೂ 4 ಇಂಚು ಬೇಕು, ಬಿಳಿ ಐಸ್ ಆದ್ರೆ ಅದರ ಎರಡರಷ್ಟು. ಒಂದು ಕಡೆ ದಪ್ಪ ಇದ್ರೆ ನಾಲ್ಕು ಹೆಜ್ಜೆ ಆಚೆ ಇರ್ತದೆ ಅಂತ ಇಲ್ಲ. 2025ರ ಜನವರಿಯಲ್ಲಿ ಇದೇ ಸೇಲಾದಲ್ಲಿ ಪ್ರವಾಸಿಗರು ಸಿಕ್ಕಿಬಿದ್ದ ವಿಡಿಯೊವನ್ನು ಕೇಂದ್ರ ಸಚಿವ ಕಿರಣ್ ರಿಜಿಜು ಅವರೇ ಹಾಕಿ ಎಚ್ಚರಿಸಿದ್ದರು. ಅಲ್ಲಿಗೆ ಟೂರ್ ಮಾರುವವನಿಗೆ ಇದು ಗೊತ್ತಿಲ್ವಾ?

ಈಗ ಅವನ ಉತ್ತರಗಳು.

ಮೊದಲ ಫೋನಿಗೆ: ‘ಎಂತ ಸರ್, ಒದ್ದೆ ಆದದ್ದು ಮಾತ್ರ ಅಲ್ವಾ?’

ಒದ್ದೆ!

ಮತ್ತೆ: ‘ಪ್ಯಾಂಗಾಂಗ್ ಸರೋವರದ ಮೇಲೆ ಮ್ಯಾರಥಾನೇ ಓಡ್ಲಿಲ್ವಾ ಸರ್, ನೀವು ನಡೆದದ್ದಕ್ಕೆ ಇಷ್ಟು ಹೇಳ್ತೀರಿ.’ ಓಡಿದ್ದು ಹೌದು, 2023ರ ಫೆಬ್ರವರಿಯಲ್ಲಿ, ಲಡಾಖಿನ ಆ ಚಳಿಯಲ್ಲಿ, ಆಡಳಿತ, ಸೇನೆ ಎಲ್ಲ ನಿಂತು ವ್ಯವಸ್ಥೆ ಮಾಡಿ. ನಮಗೆ ನಿಂತದ್ದು ಯಾರು? ಕಾಣದ ಗೈಡ್.

ಗೈಡಿನ ದುಡ್ಡು ವಾಪಸ್ ಕೇಳಿದ್ದಕ್ಕೆ: ‘ಅದು ಆಪ್ಶನಲ್ ಆಕ್ಟಿವಿಟಿ, ನಿಮ್ಮ ಸ್ವಂತ ರಿಸ್ಕ್. ಬೇಕಾದ್ರೆ ಗುಲ್ಮಾರ್ಗ್ ಪ್ಯಾಕೇಜಿಗೆ ಡಿಸ್ಕೌಂಟ್ ಹಾಕಿ ಕೊಡ್ತೇನೆ.’ ಭಾವ ಇನ್ನೂ ಬೆರಳಿಗೆ ಮದ್ದು ಹಚ್ತಾ ಇದ್ದಾರೆ, ಇವ ಗುಲ್ಮಾರ್ಗ್ ಮಾರ್ತಾನೆ. ಆಮೇಲೆ ನೀಲಿ ಟಿಕ್ ಬರ್ತದೆ, ಉತ್ತರ ಇಲ್ಲ. ಬ್ರೋಶರ್ ಕಳಿಸಿದ ಮೆಸೇಜನ್ನೂ ಡಿಲೀಟ್ ಮಾಡಿದ್ದಾನೆ. ಹೆಂಡತಿ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು.

ನೀವು ಹೋಗುದಾದ್ರೆ ಕೆರೆ ರಸ್ತೆಯಿಂದ ನೋಡಿ, ಚಾ ಕುಡೀರಿ, ಬನ್ನಿ. ಗೈಡ್ ಅಂತ ಹೇಳಿದ್ರೆ ಹೆಸರು, ಫೋನ್ ನಂಬರ್ ಬಿಲ್ಲಲ್ಲೇ ಬರೆಸಿ. ಬೇರೆಯವರು ಐಸ್ ಮೇಲೆ ನಿಂತದ್ದು ನೋಡಿ ಇಳೀಬೇಡಿ, ಅವರಿಗೂ ಇಂಥವನೇ ಒಬ್ಬ ಹೇಳಿರ್ತಾನೆ. ಮೋಸ ಆಗಿದ್ರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡ್ಲಿಕ್ಕೆ ಎರಡು ವರ್ಷ ಸಮಯ ಉಂಟು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೂ ಇಲ್ಲ. ನಮ್ಮ ಅರ್ಜಿ ತಯಾರಾಗ್ತಾ ಉಂಟು, ಅದಕ್ಕೇ ಇಲ್ಲಿ ಹೆಸರು ಹಾಕಿಲ್ಲ.

ಫೆಬ್ರವರಿ ಗ್ರೂಪಿನ ಅವನ ಜಾಹೀರಾತು ಇವತ್ತು ಬೆಳಿಗ್ಗೆಯೂ ಸ್ಟೇಟಸಲ್ಲಿ ಇತ್ತು. ಅದರಲ್ಲಿ ಐಸ್ ಮೇಲೆ ಕುಣಿಯುವವರ ಫೋಟೊ ಸೇಲಾದ್ದೂ ಅಲ್ಲ, ಲಡಾಖಿನದ್ದು. ಆ ಗ್ರೂಪಲ್ಲಿ ನಿಮ್ಮವರು ಯಾರಾದ್ರೂ ಇದ್ರೆ ಇವತ್ತೇ ಫೋನ್ ಮಾಡಿ ಹೇಳಿ.