ಸ್ಕ್ರ್ಯಾಬಲ್‌ಗೆ ಮೊದಲು ಯಾವ ಪದ ಕಲಿಯಬೇಕು: ಎರಡಕ್ಷರದ್ದೋ, ಸ್ವರವಿಲ್ಲದ್ದೋ?

ಸ್ಕ್ರ್ಯಾಬಲ್ ಅಂದ್ರೆ ಇಂಗ್ಲಿಷ್ ಅಕ್ಷರಗಳ ಬಿಲ್ಲೆಗಳನ್ನು ಹಲಗೆಯ ಚೌಕಗಳಲ್ಲಿ ಜೋಡಿಸಿ ಪದ ಕಟ್ಟುವ ಆಟ. ಕಲಿಯೋಕೆ ಸಮಯ ಕಡಿಮೆ ಇದ್ದರೆ ಎರಡಕ್ಷರದ ಪದಗಳನ್ನೇ ಹಿಡಿಯಿರಿ. ಕ್ಯೂ-ಐ ಅಂದ್ರೆ ಚೀನೀಯರು ಹೇಳುವ ಪ್ರಾಣಶಕ್ತಿ. ಝಡ್-ಎ ಅಂದ್ರೆ ಪಿಜ್ಜಾದ ಚಿಕ್ಕ ರೂಪ. ಜೆ-ಓ ಅಂದ್ರೆ ಸ್ಕಾಟ್ಲೆಂಡ್‌ನಲ್ಲಿ ಪ್ರಿಯತಮ ಅಥವಾ ಪ್ರಿಯತಮೆ. ಕ್ಯೂ ಬಿಲ್ಲೆಗೆ 10 ಅಂಕ. ಅದನ್ನು ಅಕ್ಷರಕ್ಕೆ ಮೂರು ಪಟ್ಟು ಕೊಡುವ ಚೌಕದಲ್ಲಿಟ್ಟು, ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆಗುವ ಹಾಗೆ ಜೋಡಿಸಿದರೆ ಒಂದೇ ಸಲಕ್ಕೆ 62 ಅಂಕ! ಇಷ್ಟು ಲಾಭ ಬೇರೆಲ್ಲೂ ಸುಲಭವಾಗಿ ಸಿಗಲ್ಲ.

ಸ್ವರವಿಲ್ಲದ, ಅಂದ್ರೆ ಎ, ಇ, ಐ, ಓ, ಯು ಯಾವುದೂ ಇಲ್ಲದ ಪದಗಳು, ಕೈಯಲ್ಲಿ ಸ್ವರದ ಬಿಲ್ಲೆಯೇ ಇಲ್ಲದ ಕಷ್ಟಕಾಲಕ್ಕೆ. ಸಿ-ಡಬ್ಲ್ಯೂ-ಎಂ ಅಂದ್ರೆ ಬೆಟ್ಟದ ಕಡಿದಾದ ಬೋಗುಣಿಯಂಥ ಕಣಿವೆ, ವೇಲ್ಸ್‌ನಿಂದ ಬಂದದ್ದು. ಸಿ-ಆರ್-ಡಬ್ಲ್ಯೂ-ಟಿ-ಎಚ್ ಅಲ್ಲಿನದೇ ಹಳೆಯ ತಂತಿವಾದ್ಯ. ಚೆಂದದ ಪದ, ಆದರೆ ಐದೂ ಅಕ್ಷರ ಒಟ್ಟಿಗೆ ಸಿಗೋದು ಅಪರೂಪ.

ಈ ಎರಡೂ ಗುಂಪಿಗೆ ಸೇರದಿದ್ದರೂ ನನಗೆ ಜಾಸ್ತಿ ಇಷ್ಟವಾದದ್ದು ಕ್ಯೂ-ಎ-ಎನ್-ಎ-ಟಿ. ಇರಾನ್‌ನಲ್ಲಿ ನೆಲದಡಿ ನೀರು ಹರಿಸುವ ಸುರಂಗ ಕಾಲುವೆ. ನಮ್ಮ ಬೀದರ್‌ನ ಕರೇಜ್ ಕೂಡ ಇದೇ ಬಗೆಯದು, ಅಲ್ವಾ? ಇಂಗ್ಲಿಷ್‌ನಲ್ಲಿ ಕ್ಯೂ ಹಿಂದೆ ಸಾಮಾನ್ಯವಾಗಿ ಯು ಬೇಕು; ಯು ಇಲ್ಲದೆ ಕ್ಯೂ ಕೈಯಲ್ಲಿ ಉಳಿದಾಗ ಇದು ಕೈಹಿಡಿಯುತ್ತೆ. ಎರಡಕ್ಷರದವು ಬಾಯಿಪಾಠವಾದ ಮೇಲೆ ನೇರ ಇದಕ್ಕೆ ಬನ್ನಿ.